ತಿರುಗಿ ಹಾಡುವ ಜೋಡಿ: ಕೊಡಗಿನ ಒಂದು ಜಾನಪದ ರಾಕ್ ತಂಡದ ಮೊದಲ ವರ್ಷಗಳು

ತಂಡದ ಮೊದಲ ಬಹಿರಂಗ ಕಾರ್ಯಕ್ರಮದ ಎರಡನೆಯ ಹಾಡಿನಲ್ಲಿ, ಇನ್ನೂ ಮೂರು ನಿಮಿಷ ತುಂಬುವ ಮೊದಲೇ, ಹಿರಿಯ ಹಾಡುಗಾರರು ಕೈಯಲ್ಲಿದ್ದ ಪುಟ್ಟ ಚರ್ಮವಾದ್ಯ ದುಡಿಯನ್ನು ತೊಡೆಯ ಮೇಲಿಟ್ಟು ಸುಮ್ಮನಾದರು. ಅವರ ಪಕ್ಕದಲ್ಲಿದ್ದ ಎರಡನೆಯ ಹಿರಿಯರೂ ನಿಲ್ಲಿಸಿದರು. ಗಿಟಾರ್, ಬೇಸ್ ಮತ್ತು ಡ್ರಮ್ಸ್ ಸ್ವಲ್ಪ ಹೊತ್ತು ಮುಂದುವರಿದು, ಹಾಡು ಮತ್ತೆ ಬರುವುದಿಲ್ಲ ಎಂಬುದು ಅರಿವಾದ ಮೇಲೆ ಒಂದೊಂದಾಗಿ ತಣ್ಣಗಾದವು. ಸಭಿಕರು ಅದನ್ನೇ ಹಾಡಿನ ಮುಕ್ತಾಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದವರಿಗೆ ಮಾತ್ರ ಏನೋ ಮುರಿದಿದೆ ಎಂಬುದು ಗೊತ್ತಿತ್ತು, ಆದರೆ ಏನು ಮುರಿಯಿತು ಎಂಬುದು ಅವರಿಗೆ ಸ್ಪಷ್ಟವಾಗಲು ಒಂದು ಮಳೆಗಾಲವೇ ಬೇಕಾಯಿತು.

ಈ ತಂಡ ರೂಪುಗೊಂಡದ್ದು ವಿರಾಜಪೇಟೆಯ ಕಡೆಯ ನಮ್ಮ ಕಾಫಿ ಗೋದಾಮಿನಲ್ಲಿ. ಜಾಗ ಕೊಟ್ಟವನೂ, ಮೊದಲ ಮೂರು ವರ್ಷ ತಂಡದ ಲೆಕ್ಕಪತ್ರ ಬರೆದವನೂ ನಾನೇ ಆದ್ದರಿಂದ, ಇಲ್ಲಿ ಹೇಳುವ ಬಹುಪಾಲು ಸಂಗತಿಗಳನ್ನು ಹತ್ತಿರದಿಂದ ಕಂಡಿದ್ದೇನೆ. ಸದಸ್ಯರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ. ಜಾನಪದ ಹಾಡನ್ನು ರಾಕ್ ವಾದ್ಯಗಳೊಡನೆ ನುಡಿಸಬೇಕೆಂದು ಹೊರಡುವ ಇತರ ಊರುಗಳ ಯುವಕರಿಗೆ ಇಲ್ಲಿನ ತಪ್ಪುಗಳ ವಿವರವೇ ಹೆಚ್ಚು ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ತಂಡದಲ್ಲಿ ಆರು ಮಂದಿ. ಗಿಟಾರ್ ನುಡಿಸುವವನು ಮೈಸೂರಿನಲ್ಲಿ ಓದು ಮುಗಿಸಿ ತೋಟ ನೋಡಿಕೊಳ್ಳಲು ಊರಿಗೆ ಮರಳಿದ ಕೊಡವ ಯುವಕ. ಮುಖ್ಯ ಗಾಯಕ ಅರೆಭಾಷೆ ಮಾತನಾಡುವ ಗೌಡರ ಮನೆಯವನು. ಬೇಸ್ ನುಡಿಸುವವನು ಕುಶಾಲನಗರದಿಂದ ಬರುತ್ತಿದ್ದ. ಡ್ರಮ್ಸ್ ನುಡಿಸುವವನು ಮದುವೆ ಮತ್ತು ಹಬ್ಬಗಳಿಗೆ ವಾಲಗ ನುಡಿಸುವ ಮನೆತನದ ಹುಡುಗ. ಉಳಿದಿಬ್ಬರು ಅರವತ್ತು ದಾಟಿದ ದುಡಿ ಹಾಡುಗಾರರು. ಗಿಟಾರ್ ವಾದಕನ ಮನೆತನದ ಮೂಲಮನೆಯಾದ ಐನ್‌ಮನೆಯ ಹಬ್ಬಗಳಲ್ಲಿ ಹಾಡುತ್ತಿದ್ದವರು. ಹುಡುಗರು ಅವರಿಬ್ಬರನ್ನೂ ಅಜ್ಜ ಎಂದೇ ಕರೆಯುತ್ತಿದ್ದರು. ಅಭ್ಯಾಸದ ಭಾಷೆ ಕನ್ನಡವಾಗಿತ್ತು, ಹಾಡುಗಳು ಕೊಡವ ತಕ್ಕ್‌ನಲ್ಲಿಯೂ ಅರೆಭಾಷೆಯಲ್ಲಿಯೂ ಇದ್ದವು.

ಹುಡುಗರ ಮುಂದೆ ಮಾದರಿಗಳು ಇಲ್ಲದಿರಲಿಲ್ಲ. ಅಮೆರಿಕದಲ್ಲಿ 1965ರ ಸುಮಾರಿಗೆ ಜಾನಪದ ಗಾಯನಕ್ಕೆ ವಿದ್ಯುತ್ ಗಿಟಾರ್ ಸೇರಿದಾಗ ಈ ಬಗೆಯ ಸಂಗೀತಕ್ಕೆ ಹೆಸರು ಬಂದಿತು. ಇಂಗ್ಲೆಂಡಿನಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ತಂಡ 1969ರಲ್ಲಿ ಹಳೆಯ ಲಾವಣಿಗಳನ್ನು ಡ್ರಮ್ಸ್ ಮತ್ತು ಪಿಟೀಲಿನೊಡನೆ ಹಾಡಿತು. ದೆಹಲಿಯಲ್ಲಿ 1990ರಲ್ಲಿ ಆರಂಭವಾದ ಇಂಡಿಯನ್ ಓಷನ್, ನಮ್ಮ ಪಕ್ಕದ ಮೈಸೂರಿನಲ್ಲಿ 2002ರಲ್ಲಿ ಹುಟ್ಟಿದ ಸ್ವರಾತ್ಮ, ಶಿಶುನಾಳ ಶರೀಫರ ಪದಗಳನ್ನು ಹೊಸ ಪೀಳಿಗೆಯ ಕಿವಿಗೆ ಮುಟ್ಟಿಸಿದ ರಘು ದೀಕ್ಷಿತ್ ಅವರ ತಂಡ, ಇವರೆಲ್ಲರ ಧ್ವನಿಮುದ್ರಣಗಳು ಗೋದಾಮಿನಲ್ಲಿ ದಿನವೂ ಕೇಳಿಬರುತ್ತಿದ್ದವು. ಆದರೆ ಶರೀಫರ ಪದಗಳಂಥ ತತ್ವಪದಕ್ಕೂ, ದುಡಿಯೊಡನೆ ಹಾಡುವ ನಮ್ಮ ಕೊಡವ ಹಾಡು ಬಾಳೋಪಾಟ್‌ಗೂ ಇರುವ ವ್ಯತ್ಯಾಸವನ್ನು ಆಗ ಯಾರೂ ಗಮನಿಸಲಿಲ್ಲ. ತತ್ವಪದವನ್ನು ತಂಬೂರಿ ಹಿಡಿದ ಒಬ್ಬನೇ ಗಾಯಕ ಹೊತ್ತು ನಡೆಯಬಲ್ಲ. ಅದಕ್ಕೆ ಪಲ್ಲವಿ ಇದೆ, ಅಂಕಿತ ಇದೆ, ತಲೆಬಾಗಿಲೂ ಹಿತ್ತಿಲ ಬಾಗಿಲೂ ಇರುವ ಮನೆಯ ಹಾಗೆ ಅದಕ್ಕೆ ಒಂದು ಕಡೆ ಪ್ರವೇಶ, ಇನ್ನೊಂದು ಕಡೆ ನಿರ್ಗಮನ ಇದೆ. ಬಾಳೋಪಾಟ್ ಹಾಗಲ್ಲ. ಅದನ್ನು ಹಾಡಲು ನಾಲ್ವರು ಬೇಕು. ನಾಲ್ವರ ಕೈಯಲ್ಲೂ ದುಡಿ ಇರುತ್ತದೆ. ಮೊದಲ ಇಬ್ಬರು ಒಂದು ಸಾಲನ್ನು ಹಾಡಿದರೆ ಉಳಿದಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ದೇವರನ್ನೂ ನಾಡನ್ನೂ ನೆನೆಯುವುದರಿಂದ ಹಿಡಿದು ಮನೆತನದ ಕಥೆಯವರೆಗೆ ಹಾಡು ಸಾಲು ಸಾಲಾಗಿ ಬೆಳೆಯುತ್ತದೆ, ಅರ್ಧ ರಾತ್ರಿ ಸಾಗಿದರೂ ಅಚ್ಚರಿಯಿಲ್ಲ.

ಹಿರಿಯರು ಇಬ್ಬರೇ ಸಿಕ್ಕಿದ್ದರಿಂದ ಹುಡುಗರು ತಿರುಗಿ ಹಾಡುವ ಜೋಡಿಯನ್ನು ಕೈಬಿಟ್ಟರು. ಒಂದೇ ಸಾಲನ್ನು ಎರಡು ಬಾರಿ ಕೇಳುವುದು ಇಂದಿನ ಕೇಳುಗರಿಗೆ ಬೇಸರ ತರುತ್ತದೆ ಎಂಬುದು ಗಿಟಾರ್ ವಾದಕನ ಅಭಿಪ್ರಾಯವಾಗಿತ್ತು. ಆ ಜಾಗಕ್ಕೆ ಅವನು ಗಿಟಾರಿನ ಒಂದು ತುಣುಕನ್ನು ಹೊಂದಿಸಿದ. ಒಮ್ಮೆ ಅದು ಎರಡು ಆವರ್ತ ಇರುತ್ತಿತ್ತು, ಉತ್ಸಾಹ ಬಂದಾಗ ನಾಲ್ಕು ಆವರ್ತ ಆಗುತ್ತಿತ್ತು. ಹಾಡನ್ನು ನಾಲ್ಕು ನಿಮಿಷಕ್ಕೆ ಇಳಿಸಲು ಕಥಾಭಾಗದಿಂದ ಹನ್ನೆರಡು ಸಾಲುಗಳನ್ನು ಆರಿಸಿ ಹಾಳೆಯಲ್ಲಿ ಬರೆದುಕೊಟ್ಟರು. ಅಭ್ಯಾಸದಲ್ಲಿ ಅಜ್ಜಂದಿರು ಆ ಹಾಳೆಯನ್ನು ಮುಂದಿಟ್ಟುಕೊಂಡು ಹಾಡಿದರು. ವೇದಿಕೆಯ ದೀಪದಲ್ಲಿ ಹಾಳೆ ಕಾಣಲಿಲ್ಲ, ನೆನಪಿನಿಂದ ಹಾಡಹೊರಟರು, ಹಾಡು ಕೈಕೊಟ್ಟಿತು.

ಕೆಲವು ವಾರಗಳ ನಂತರ, ಜೂನ್ ತಿಂಗಳ ಜಡಿಮಳೆಯಲ್ಲಿ ವಿದ್ಯುತ್ ಹೋಗಿ ಆಂಪ್ಲಿಫೈಯರ್‌ಗಳೆಲ್ಲ ಮೂಕವಾಗಿದ್ದ ಒಂದು ಸಂಜೆ, ದುಡಿಯ ಚರ್ಮ ತೇವಕ್ಕೆ ಸಡಿಲವಾಗಿದ್ದರಿಂದ ಹಿರಿಯರು ಅದನ್ನು ಕೆಂಡದ ಹತ್ತಿರ ಹಿಡಿದು ಕಾಯಿಸುತ್ತ ಕುಳಿತಿದ್ದರು. ಗಾಯಕ ಅವರೊಡನೆ ಸುಮ್ಮನೆ ಗುನುಗುತ್ತಿದ್ದ. ಅಜ್ಜ ಒಂದು ಸಾಲು ಹಾಡಿದರು, ಅವನು ಕೇಳಿದ್ದನ್ನು ಹಾಗೆಯೇ ತಿರುಗಿ ಹಾಡಿದ; ಅಜ್ಜ ಮುಂದಿನ ಸಾಲಿಗೆ ಹೋದರು. ಹೀಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಹಾಡು ಎಲ್ಲಿಯೂ ಎಡವಲಿಲ್ಲ. ವೇದಿಕೆಯಲ್ಲಿ ಹನ್ನೆರಡು ಸಾಲು ಮರೆತವರು ಇಲ್ಲಿ ಇಷ್ಟೊಂದು ಸಾಲುಗಳನ್ನು ಎಲ್ಲಿಂದ ತಂದರು ಎಂದು ಗಿಟಾರ್ ವಾದಕ ಕೇಳಿದಾಗ, ಅಜ್ಜ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: "ಇವ ತಿರುಗಿ ಹೇಳುವಾಗ ಅಲ್ವಾ ಮಗಾ ನಾನು ಮುಂದಿನದ್ದು ಹುಡುಕುವುದು."

ತಿರುಗಿ ಹಾಡುವ ಜೋಡಿ ಕೇಳುಗರಿಗಾಗಿ ಇದ್ದದ್ದಲ್ಲ. ಅದು ಮುಂದೆ ಹಾಡುವವರ ಉಸಿರಿಗೂ ನೆನಪಿಗೂ ಬೇಕಾದ ಬಿಡುವು. ಬರೆದಿಟ್ಟ ಪಠ್ಯವಿಲ್ಲದೆ, ಎದುರಿಗಿರುವ ಮನೆಗೆ ಮತ್ತು ಸಂದರ್ಭಕ್ಕೆ ತಕ್ಕಂತೆ ಸಾಲುಗಳನ್ನು ಜೋಡಿಸುತ್ತ ಹೋಗುವ ಹಾಡಿಗೆ ಆ ಬಿಡುವು ಒಂದೇ ಅಳತೆಯದಾಗಿರಬೇಕು, ಅದರಲ್ಲಿ ಆ ಸಾಲೇ ಮತ್ತೆ ಕೇಳಿಬರಬೇಕು. ಗಿಟಾರಿನ ತುಣುಕು ಬಿಡುವನ್ನು ತುಂಬಿತ್ತೇ ಹೊರತು ಸಾಲನ್ನು ಹಿಂತಿರುಗಿಸಿರಲಿಲ್ಲ. ಹುಡುಗರು ರಾಗವನ್ನು ತೆಗೆದುಕೊಂಡು, ರಾಗವನ್ನು ಹೊತ್ತಿದ್ದ ಜನರ ಏರ್ಪಾಡನ್ನು ಹೊರಗೆ ಬಿಟ್ಟಿದ್ದರು. ನಾಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ' ಈ ಹಾಡುಗಳ ಸಾಲುಗಳನ್ನು ನಮಗೆ ಉಳಿಸಿಕೊಟ್ಟಿದೆ, ಅದಕ್ಕೆ ಕೊಡಗು ಎಂದೆಂದಿಗೂ ಋಣಿ. ಆದರೆ ನಾಲ್ವರು ಹೇಗೆ ಒಬ್ಬರನ್ನೊಬ್ಬರು ಕಾಯುತ್ತ ಹಾಡುತ್ತಾರೆ ಎಂಬುದನ್ನು ಹಾಡುವವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಆ ಮಳೆಗಾಲವಿಡೀ ಹೊಸ ಹಾಡು ಕಟ್ಟುವುದನ್ನು ನಿಲ್ಲಿಸಿ, ಗಾಯಕನೂ ಬೇಸ್ ವಾದಕನೂ ಎರಡನೆಯ ಜೋಡಿಯಾಗಿ ಕುಳಿತು ಕಲಿತರು. ದುಡಿ ನೋಡುವುದಕ್ಕೆ ಸಣ್ಣ ವಾದ್ಯ. ನಡು ಕಿರಿದಾದ ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಕೋಲಿನಿಂದ ಬಡಿಯುತ್ತಾರೆ. ಹಿಡಿದ ಕೈ ಹುರಿಗಳನ್ನು ಬಿಗಿದಂತೆ ಧ್ವನಿ ಏರುತ್ತದೆ, ಸಡಿಲಿಸಿದಂತೆ ಇಳಿಯುತ್ತದೆ. ಮಾತಿಗೆ ತಕ್ಕಂತೆ ಕೈ ಬಿಗಿಯಾಗುವುದು ಬೇಸ್ ವಾದಕನಿಗೆ ಬಹಳ ತಡವಾಗಿ ಒಲಿಯಿತು. ಭಾಷೆ ಅವನ ಮನೆಮಾತಲ್ಲದಿದ್ದುದರಿಂದ ಪ್ರತಿ ಸಾಲಿನ ಅರ್ಥವನ್ನೂ ಕೇಳಿ ಬರೆದುಕೊಳ್ಳುತ್ತಿದ್ದ. ಅವನ ಆ ನೋಟ್‌ಬುಕ್ ಈಗ ತಂಡದ ಅತ್ಯಂತ ಬೆಲೆಬಾಳುವ ಆಸ್ತಿ ಎಂದು ನಾನು ಭಾವಿಸುತ್ತೇನೆ.

ಲಯ ಸರಿಹೋದ ಮೇಲೆ ಶ್ರುತಿಯ ತೊಡಕು ಎದ್ದಿತು. ಹಿರಿಯರು ತಮ್ಮ ಕಂಠಕ್ಕೆ ಅಂದು ಎಲ್ಲಿ ಹಿತವೋ ಅಲ್ಲಿಂದ ಆರಂಭಿಸುತ್ತಾರೆ, ಹಾಡಿನ ರಾಗ ಕೆಲವೇ ಸ್ವರಗಳ ನಡುವೆ ಓಡಾಡುತ್ತದೆ. ಅಂಥ ಹಾಡಿನ ಕೆಳಗೆ ಸಾಮಾನ್ಯ ಗಿಟಾರ್ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ಇಟ್ಟಾಗ ಹಾಡಿನಲ್ಲಿ ಇಲ್ಲದ ಭಾವವೊಂದು ಬಂದು ಕೂರುತ್ತಿತ್ತು. ಕಾರ್ಡ್‌ನೊಳಗಿನ ಗಾಂಧಾರ (ಮೂರನೆಯ ಸ್ವರ 'ಗ') ಶುದ್ಧವಾದರೆ ಹಾಡು ಸಿನಿಮಾದ ಉಲ್ಲಾಸಕ್ಕೆ ಜಾರುತ್ತಿತ್ತು, ಸಾಧಾರಣವಾದರೆ ಅಳುವಿಗೆ ಜಾರುತ್ತಿತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ ಬಳಕೆಗೆ ತಂದ ಡಿ-ಎ-ಡಿ-ಜಿ-ಎ-ಡಿ ಶ್ರುತಿಜೋಡಣೆ ಇಲ್ಲಿ ಕೈಹಿಡಿಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆ ಆರು ತಂತಿಗಳು ಸ-ಪ-ಸ-ಮ-ಪ-ಸ, ಗಾಂಧಾರವೇ ಇಲ್ಲ. ಹಾಡು ತನ್ನ ಭಾವವನ್ನು ತಾನೇ ನಿರ್ಧರಿಸಿಕೊಳ್ಳಲು ಅಲ್ಲಿ ಜಾಗ ಸಿಗುತ್ತದೆ, ತಂತಿಗಳು ತಂಬೂರದಂತೆ ಕೆಳಗೆ ಮೊಳಗುತ್ತಿರುತ್ತವೆ. ಅಂದಂದಿನ ಶ್ರುತಿಗೆ ತಕ್ಕಂತೆ ಗಿಟಾರಿನ ಕತ್ತಿಗೆ, ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕಾಪೊ ಹಾಕಿದರಾಯಿತು. ಕಾರ್ಯಕ್ರಮಕ್ಕೆ ಮೊದಲು ಅಜ್ಜಂದಿರು ಎರಡು ಸಾಲು ಹಾಡುವುದು, ಗಿಟಾರ್ ಮತ್ತು ಬೇಸ್ ಅದಕ್ಕೆ ಹೊಂದಿಕೊಳ್ಳುವುದು ಅಲ್ಲಿಂದ ಮುಂದೆ ರೂಢಿಯಾಯಿತು.

ಕಾರ್ಯಕ್ರಮಗಳು ಬಂದದ್ದು ಮೊದಲಿಗೆ ಹೋಂಸ್ಟೇಗಳಿಂದ, ಆಮೇಲೆ ಮದುವೆಗಳಿಂದ. ಹೋಂಸ್ಟೇಗಳ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಅತಿಥಿಗಳು ಬೆಂಕಿಯ ಸುತ್ತ ತಮಗೆ ಗೊತ್ತಿದ್ದ ಹಿಂದಿ ಹಾಡುಗಳನ್ನು ಕೇಳುತ್ತಿದ್ದರು, ತಂಡ ಒಂದು ಚಳಿಗಾಲ ಅಲ್ಲಿ ನುಡಿಸಿ ಸ್ಪೀಕರ್‌ಗಳ ಸಾಲ ತೀರಿಸಿಕೊಂಡಿತು. ಮದುವೆಗಳು ಮಾತ್ರ ತಂಡಕ್ಕೆ ನಿಜವಾದ ಪರೀಕ್ಷೆಯಾದವು. ಕೊಡವ ಮದುವೆಯಲ್ಲಿ ವಾಲಗ ಇಲ್ಲದೆ ಯಾವ ಶಾಸ್ತ್ರವೂ ನಡೆಯದು, ವಾಲಗದ ಬಡಿತಕ್ಕೆ ಕುಣಿಯದ ಕಾಲೂ ಇಲ್ಲ. ಆ ವಾಲಗವನ್ನು ತಲೆಮಾರುಗಳಿಂದ ನುಡಿಸಿಕೊಂಡು ಬಂದವರು ಮೇದರು ಮುಂತಾದ ಬೇರೆ ಸಮುದಾಯಗಳವರು. ಒಂದು ಮದುವೆಯಲ್ಲಿ ಬೆಳಗಿನಿಂದ ವಾಲಗ ನುಡಿಸಿದವರಲ್ಲಿ ನಮ್ಮ ಡ್ರಮ್ಸ್ ಹುಡುಗನ ತಂದೆಯೂ ಇದ್ದರು. ರಾತ್ರಿ ಊಟದ ನಂತರ ಮುಕ್ಕಾಲು ಗಂಟೆ ನುಡಿಸಿದ ನಮ್ಮ ತಂಡಕ್ಕೆ ಸಂದ ಸಂಭಾವನೆ, ಇಡೀ ದಿನ ನಿಂತು ಊದಿ ಬಡಿದ ವಾಲಗದವರಿಗೆ ಸಂದದ್ದಕ್ಕಿಂತ ಬಹಳ ಹೆಚ್ಚಿತ್ತು. ಮನೆಗೆ ಮರಳುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಮರುದಿನ ಲೆಕ್ಕದ ಪುಸ್ತಕ ತೆರೆದಾಗ ಆ ಹುಡುಗ ತನ್ನ ಪಾಲನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ.

ಈ ಪ್ರಶ್ನೆಯನ್ನು ತಂಡ ಎರಡು ವಾರ ಚರ್ಚಿಸಿತು. ವಾಲಗದ ಲಯವನ್ನು ಡ್ರಮ್ಸ್‌ಗೆ ಇಳಿಸಿಕೊಂಡದ್ದೇ ತಂಡದ ಅತ್ಯಂತ ಜನಪ್ರಿಯ ಹಾಡಿನ ಜೀವಾಳವಾಗಿತ್ತು; ಆರಾಗಿ ಎಣಿಸಬಹುದಾದ ಆ ತೂಗುವಿಕೆಯನ್ನು ಹುಡುಗ ಬಾಲ್ಯದಿಂದಲೇ ತಂದೆಯ ಪಕ್ಕದಲ್ಲಿ ಕಲಿತಿದ್ದ. ಹಾಡು ತಂಡದ ಹೆಸರಿನಲ್ಲಿ ಮೆರೆಯುವಾಗ ಲಯ ಕೊಟ್ಟವರು ಹೊರಗಿದ್ದರು. ಕೊನೆಗೆ ಮದುವೆಯ ಕರೆ ಬಂದಾಗಲೆಲ್ಲ ಎರಡು ಷರತ್ತು ಹಾಕುವುದೆಂದು ತೀರ್ಮಾನವಾಯಿತು: ಕಡೆಯ ಇಪ್ಪತ್ತು ನಿಮಿಷ ವಾಲಗದವರು ತಂಡದೊಡನೆ ನುಡಿಸಬೇಕು, ಮತ್ತು ಆ ಭಾಗದ ಸಂಭಾವನೆ ತಲೆಗೆ ಒಂದೇ ಸಮನಾಗಿರಬೇಕು. ಕೆಲವು ಮನೆಯವರು ಸಂತೋಷದಿಂದ ಒಪ್ಪಿದರು. ಕೆಲವರು ಬೇರೆ ತಂಡವನ್ನು ನೋಡಿಕೊಂಡರು. ಕೈತಪ್ಪಿದ ಕಾರ್ಯಕ್ರಮಗಳ ಲೆಕ್ಕ ನನ್ನ ಪುಸ್ತಕದಲ್ಲಿದೆ, ಆ ತೀರ್ಮಾನ ಸರಿಯಾಗಿತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ವಾಲಗದವರು ಸೇರಿದಾಗ ನುಡಿಸುವ ಬಗೆಯೂ ಬದಲಾಗಬೇಕಾಯಿತು. ಕೊಂಬು ತನ್ನ ಉದ್ದಕ್ಕೆ ತಕ್ಕ ಕೆಲವೇ ಸ್ವರಗಳನ್ನು ಕೊಡುವ ವಾದ್ಯ, ಅದನ್ನು ಬೇರೆ ವಾದ್ಯಗಳ ಶ್ರುತಿಗೆ ಎಳೆಯಲಾಗದು. ಆದ್ದರಿಂದ ತಂತಿವಾದ್ಯಗಳೇ ಅದರ ಬಳಿಗೆ ಹೋಗಬೇಕು. ಅದಕ್ಕೆ ಮೈಕ್ ಕೊಟ್ಟರೆ ಉಳಿದೆಲ್ಲವೂ ಮುಳುಗುತ್ತದೆ. ಹಾಗಾಗಿ ವಾಲಗದವರು ವೇದಿಕೆ ಏರದೆ, ಕುಣಿಯುವವರ ನಡುವೆ ನೆಲದ ಮೇಲೆಯೇ, ಮೈಕ್ ಇಲ್ಲದೆ ನುಡಿಸಿದರು. ವೇದಿಕೆಯ ಸ್ಪೀಕರ್‌ಗಳ ಧ್ವನಿಯನ್ನು ತಗ್ಗಿಸಲಾಯಿತು. ಧ್ವನಿವರ್ಧಕಗಳನ್ನು ರಾತ್ರಿ 10 ಗಂಟೆಗೆ ನಿಲ್ಲಿಸಬೇಕೆಂಬ 2000ದ ಶಬ್ದಮಾಲಿನ್ಯ ನಿಯಮದಿಂದಾಗಿ ಮುಂಚೆ ಹಾಡು ಅರ್ಧಕ್ಕೆ ಕಡಿದುಬೀಳುತ್ತಿತ್ತು. ಈಗ ಹತ್ತಕ್ಕೆ ಸರಿಯಾಗಿ ವಿದ್ಯುತ್ ವಾದ್ಯಗಳು ಮೌನವಾದರೂ ಅಂಗಳದಲ್ಲಿ ಕುಣಿತ ಸ್ವಲ್ಪ ಹೊತ್ತು ಉಳಿಯುತ್ತಿತ್ತು.

ಯಾವ ಹಾಡನ್ನು ವೇದಿಕೆಗೆ ತರಬಹುದು ಎಂಬ ವಿಷಯದಲ್ಲಿ ಹಿರಿಯರದೇ ಕೊನೆಯ ಮಾತಾಗಿತ್ತು. ಸಾವಿನ ಮನೆಯಲ್ಲಿ ಹಾಡುವ ಚಾವು ಪಾಟ್‌ನ ಧಾಟಿ ಗಿಟಾರ್ ವಾದಕನ ಮನಸ್ಸನ್ನು ಬಹಳ ಸೆಳೆದಿತ್ತು. ಪದಗಳನ್ನು ಬಿಟ್ಟು ಧಾಟಿಯನ್ನಷ್ಟೇ ನುಡಿಸಲು ಅವನು ಅನುಮತಿ ಕೇಳಿದ. ಧಾಟಿ ಕೇಳಿದರೂ ಜನರಿಗೆ ಅವರವರ ಮನೆಯ ಹೆಣ ನೆನಪಾಗುತ್ತದೆ ಎಂದು ಅಜ್ಜ ಬೇಡವೆಂದರು, ಅವನೂ ಮತ್ತೆ ಕೇಳಲಿಲ್ಲ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ದಿನಗಳಲ್ಲಿ ಹಿರಿಯರು ಯಾವ ವೇದಿಕೆಗೂ ಬರುತ್ತಿರಲಿಲ್ಲ. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಕದಿರು ತೆಗೆಯುವ ಮುಹೂರ್ತ ನಿಶ್ಚಯವಾದೊಡನೆ ಅವರ ದಿನಚರಿಯೂ ನಿಶ್ಚಯವಾಗುತ್ತಿತ್ತು. ಊರ ಬಯಲಾದ ಮಂದ್‌ನಲ್ಲಿ ಕೋಲಾಟ, ಆಮೇಲೆ ಮನೆಮನೆಗೆ ಹೋಗಿ ಹಾಡುವುದು. ಆ ಹಬ್ಬದ ಋತುವಿನಲ್ಲಿಯೇ ಪ್ರವಾಸಿಗರು ಹೆಚ್ಚು, ಕರೆಗಳೂ ಹೆಚ್ಚು. ತಂಡ ಅವುಗಳನ್ನು ಬಿಟ್ಟುಕೊಟ್ಟಿತು. ಅದರ ಬೆನ್ನಿಗೇ ಕಾಫಿ ಕೊಯ್ಲು ಬರುವುದರಿಂದ ಡಿಸೆಂಬರಿನಿಂದ ಮಾರ್ಚ್ ತನಕ ಅಭ್ಯಾಸವೂ ಅಪರೂಪವಾಗುತ್ತಿತ್ತು.

ಧ್ವನಿಮುದ್ರಣದ ಮೊದಲ ಪ್ರಯತ್ನ ನಡೆದದ್ದು ಮೈಸೂರಿನ ಒಂದು ಸ್ಟುಡಿಯೋದಲ್ಲಿ. ಅಲ್ಲಿನ ಪದ್ಧತಿಯಂತೆ ಎಲ್ಲರ ಕಿವಿಗೂ ಕ್ಲಿಕ್ ಟ್ರ್ಯಾಕ್ ಕೊಟ್ಟು, ಮೊದಲು ಡ್ರಮ್ಸ್, ಆಮೇಲೆ ತಂತಿವಾದ್ಯಗಳು, ಕಡೆಗೆ ಹಾಡು ಎಂಬ ಕ್ರಮದಲ್ಲಿ ಮುದ್ರಿಸಲು ಹೊರಟರು. ಬಾಳೋಪಾಟ್ ದೇವರ ನೆನಕೆಯಲ್ಲಿ ನಿಧಾನವಾಗಿದ್ದು ಕಥೆಗೆ ಬಂದಂತೆ ಚುರುಕಾಗುತ್ತದೆ. ಗಡಿಯಾರದಂತೆ ಬಡಿಯುವ ಕ್ಲಿಕ್ ಅದನ್ನು ಆರಂಭದಲ್ಲಿ ಅಟ್ಟುತ್ತಿತ್ತು, ಕೊನೆಯಲ್ಲಿ ಹಿಡಿದೆಳೆಯುತ್ತಿತ್ತು. ಎರಡು ದಿನದ ಬಾಡಿಗೆ ಕೊಟ್ಟು ಒಂದು ಹಾಡೂ ಇಲ್ಲದೆ ಮರಳಿದರು.

ಎರಡನೆಯ ಪ್ರಯತ್ನವನ್ನು ನಮ್ಮ ಗೋದಾಮಿನಲ್ಲಿಯೇ ಮಾಡಿದೆವು. ಕೊಯ್ಲು ಮುಗಿದು ಒಣಗಿದ ಚೆರಿ ಕಾಫಿಯ ಮೂಟೆಗಳು ಗೋಡೆಯುದ್ದಕ್ಕೂ ಪೇರಿಸಿದ್ದಾಗ ಗೋದಾಮಿನ ಧ್ವನಿಯೇ ಬೇರೆ ಎಂಬುದನ್ನು ಹುಡುಗರು ಗಮನಿಸಿದ್ದರು. ಮಳೆಗಾಲದ ಖಾಲಿ ಗೋದಾಮಿನಲ್ಲಿ ದುಡಿಯ ಒಂದು ಪೆಟ್ಟು ತಗಡಿನ ಮಾಡಿಗೆ ಬಡಿದು ಮೂರಾಗಿ ಮರಳುತ್ತಿತ್ತು. ಮೂಟೆಗಳಿದ್ದಾಗ ಗೋಣಿಯೂ ಕಾಳೂ ಪ್ರತಿಧ್ವನಿಯನ್ನು ಹೀರಿಕೊಂಡು ಪೆಟ್ಟು ಪೆಟ್ಟಾಗಿಯೇ ಕೇಳಿಸುತ್ತಿತ್ತು. ಮುದ್ರಣ ಮುಗಿಯಲೆಂದು ಆ ವರ್ಷ ಮೂಟೆಗಳನ್ನು ಮೂರು ವಾರ ತಡವಾಗಿ ಮಾರಿದೆ. ನಾಲ್ವರು ದುಡಿಗಾರರು ಎದುರುಬದುರು ಕುಳಿತು, ಕ್ಲಿಕ್ ಇಲ್ಲದೆ, ಹಾಡನ್ನು ಪೂರ್ತಿಯಾಗಿ ಹಾಡಿದರು. ಡ್ರಮ್ಸ್ ಹುಡುಗ ಆ ಮುದ್ರಣವನ್ನು ಹಲವು ದಿನ ಕೇಳಿ, ಹಾಡು ಎಲ್ಲಿ ಹೆಜ್ಜೆ ಹಾಕುತ್ತದೆ, ಎಲ್ಲಿ ಓಡುತ್ತದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡ ಮೇಲೆ ನುಡಿಸಿದ. ಗಿಟಾರ್ ಮತ್ತು ಬೇಸ್ ಕಡೆಯಲ್ಲಿ ಸೇರಿದವು. ಹೀಗೆ ಸಿದ್ಧವಾದ ಮೊದಲ ಹಾಡು ಹನ್ನೊಂದು ನಿಮಿಷ ಇದೆ, ಅದರಲ್ಲಿ ಪ್ರತಿ ಸಾಲೂ ಎರಡು ಬಾರಿ ಕೇಳಿಸುತ್ತದೆ.

ಹಾಡನ್ನು ಅಂತರ್ಜಾಲದ ಸಂಗೀತ ಸೇವೆಗಳಿಗೆ ಸೇರಿಸುವ ನಮೂನೆಯಲ್ಲಿ ರಚನೆಕಾರರ ಹೆಸರು ತುಂಬುವುದು ಕಡ್ಡಾಯವಾಗಿತ್ತು. ಗಿಟಾರ್ ವಾದಕ ಬೇರೇನೂ ತೋಚದೆ ತನ್ನ ಹೆಸರನ್ನು ಬರೆದ. ಕೆಲವು ತಿಂಗಳ ನಂತರ ಪಕ್ಕದ ಊರಿನ ಹೆಣ್ಣುಮಕ್ಕಳು ಆ ಮುದ್ರಣಕ್ಕೆ ಹೆಜ್ಜೆ ಹಾಕಿದ ವಿಡಿಯೋವೊಂದಕ್ಕೆ ಹಕ್ಕುಸ್ವಾಮ್ಯದ ಆಕ್ಷೇಪಣೆಯ ಸೂಚನೆ ತಾನಾಗಿಯೇ ಹೋಯಿತು. ಸೂಚನೆಯಲ್ಲಿ ಹಾಡಿನ ಒಡೆಯನೆಂದು ಇದ್ದದ್ದು ಅವನ ಹೆಸರು. ಆ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಅಜ್ಜನ ಸೊಸೆ. ಅಜ್ಜ ಗೋದಾಮಿಗೆ ಬಂದು ಬೈಯಲಿಲ್ಲ, "ಇದು ನಿನ್ನ ಹಾಡಾದರೆ ನನ್ನ ಅಜ್ಜ ಯಾರ ಹಾಡು ಹಾಡಿದ್ದು ಮಗಾ?" ಎಂದು ಮಾತ್ರ ಕೇಳಿದರು. ಹುಡುಗ ಅಂದು ಅತ್ತದ್ದನ್ನು ನಾನು ನೋಡಿದ್ದೇನೆ. ಅವನಲ್ಲಿ ದುರಾಸೆ ಇರಲಿಲ್ಲ, ಇದ್ದದ್ದು ಅಜ್ಞಾನ, ಆ ಅಜ್ಞಾನದಲ್ಲಿ ಲೆಕ್ಕ ಬರೆಯುವ ನನ್ನ ಪಾಲೂ ಇತ್ತು.

ಪರಂಪರೆಯ ಹಾಡಿಗೆ ಒಬ್ಬ ಒಡೆಯನಿಲ್ಲ, ಆದರೆ ಅದನ್ನು ಹಾಡಿದವರಿಗೆ ಕಾನೂನಿನಲ್ಲಿ ಸ್ಥಾನವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಒಪ್ಪಿಕೊಂಡಿತು, 2012ರ ತಿದ್ದುಪಡಿ ತಮ್ಮ ಪ್ರದರ್ಶನದೊಡನೆ ತಮ್ಮ ಹೆಸರು ಗುರುತಿಸಲ್ಪಡಬೇಕೆಂದು ಕೇಳುವ ಹಕ್ಕನ್ನೂ ಸೇರಿಸಿತು. ತಂಡ ನಮೂನೆಯನ್ನು ತಿದ್ದಿ ರಚನೆಯನ್ನು ಸಾಂಪ್ರದಾಯಿಕ ಎಂದು ನಮೂದಿಸಿತು, ಸಂಯೋಜನೆಯನ್ನು ತಂಡದ ಹೆಸರಿಗೆ ಬರೆಯಿತು, ಹಾಡಿದ ಮತ್ತು ನುಡಿಸಿದ ಎಲ್ಲರ ಹೆಸರನ್ನೂ ಸೇರಿಸಿತು, ವಿಡಿಯೋಗಳ ಮೇಲೆ ತಾನಾಗಿಯೇ ಆಕ್ಷೇಪಣೆ ಹೋಗುವ ವ್ಯವಸ್ಥೆಯಿಂದ ಆ ಹಾಡನ್ನು ಹಿಂತೆಗೆದುಕೊಂಡಿತು. ಬರುವ ಹಣವನ್ನು ಏಳು ಪಾಲು ಮಾಡುವುದೆಂದು ಬರೆದು ಎಲ್ಲರೂ ಸಹಿ ಮಾಡಿದರು. ಆರು ಪಾಲು ಆರು ಮಂದಿಗೆ, ಏಳನೆಯದು ದುಡಿ ಮಾಡಿಸುವುದಕ್ಕೆ ಮತ್ತು ದುರಸ್ತಿಗೆ.

ನಾನು ಲೆಕ್ಕ ಬಿಟ್ಟುಕೊಟ್ಟ ವರ್ಷದ ಪುತ್ತರಿಯಲ್ಲಿ ಗಾಯಕನೂ ಬೇಸ್ ವಾದಕನೂ ಹಿರಿಯರೊಡನೆ ಮನೆಮನೆಗೆ ಹಾಡಲು ಹೋದರು. ಗಿಟಾರ್ ಇರಲಿಲ್ಲ, ಮೈಕ್ ಇರಲಿಲ್ಲ, ನಾಲ್ಕು ದುಡಿಗಳು ಮಾತ್ರ. ಮೂರನೆಯ ಮನೆಯ ಅಂಗಳ ತಲುಪುವ ಹೊತ್ತಿಗೆ ಅಜ್ಜನ ಕಂಠ ಒರಟಾಗಿತ್ತು. ಅವರು ಹುಡುಗರಿಬ್ಬರನ್ನು ತೋಳು ಹಿಡಿದು ಮುಂದಕ್ಕೆ ನಿಲ್ಲಿಸಿ, ತಾವು ಜೊತೆಗಾರರೊಡನೆ ಹಿಂದಿನ ಜೋಡಿಯಲ್ಲಿ ನಿಂತರು. ಗಾಯಕ ಆ ಮನೆಯ ಹೆಸರು ಹಿಡಿದು ಮೊದಲ ಸಾಲನ್ನು ಹಾಡಿದ. ಅಜ್ಜಂದಿರು ಅದನ್ನು ತಿರುಗಿ ಹಾಡುತ್ತಿದ್ದಾಗ ಅವನು ಕಣ್ಣು ಮುಚ್ಚಿ ಮುಂದಿನ ಸಾಲನ್ನು ಹುಡುಕುತ್ತಿದ್ದ.